ಕೋಚ್ ಸಾಹೇಬರ ಪ್ಲಾನು
ಅಣ್ಣಾ ನಗರದ ಮೈದಾನದ ಬೇಲಿಯಾಚೆ ನಿಂತು, ಕಾಲೇಜು ಫುಟ್‌ಬಾಲ್ ಆಯ್ಕೆಗೆ ಬಂದ ಮಗ ತೇಜುವಿನ ಎಡಗಾಲಿನ ಆಟವನ್ನು ಕನ್ನಡತಿ ಗುಣವತಿ ಕಣ್ತುಂಬಿಕೊಳ್ಳುತ್ತಿದ್ದಳು. ಪಕ್ಕದಲ್ಲೇ ಕೋಚ್ ಮತ್ತು ಅವರ ಅಸಿಸ್ಟೆಂಟ್, ಚೆನ್ನೈಯಲ್ಲಿ ಯಾರಿಗೆ ತಿಳಿಯುತ್ತದೆಂಬ ಧೈರ್ಯದಿಂದ, ಕನ್ನಡದಲ್ಲಿ ಮಾತಿಗಿಳಿದಿದ್ದರು.

“ಆ ಎಡಗಾಲಿನ ಹುಡುಗ ಏನ್ ಓಡ್ತಾನೆ, ಸರ್!”

“ಮುಂದೆ ನಿಲ್ಲಿಸೋಣ. ಗೋಲಿಗೆ ಬೆನ್ನು ಹಾಕಿ ಒದೆ ತಿನ್ನಲಿ.”

“ಓಡೋನನ್ನ ನಿಲ್ಲಿಸೋದಾ? ಅಂಚಲ್ಲಿ ಬಿಡಿ ಸರ್, ಪ್ಲಾನ್ ಸ್ವಲ್ಪ ಬದಲಾಯಿಸಿದ್ರೆ ಸಾಕು.”

“ನನ್ನ ಪ್ಲಾನ್ ಬದಲಾಗಲ್ಲ. ಹುಡುಗ್ರು ಪ್ರತಿ ವರ್ಷ ಸಿಗ್ತಾರೆ.”

“ಹೋದ ವರ್ಷ ಪ್ರತಾಪನ್ನೂ ಹಿಂಗೇ ನಿಲ್ಲಿಸಿದ್ವಿ. ಮಂಡಿ ಹೋಯ್ತು.”

“ಅದಕ್ಕೇ ತಾನೆ ಇವನು ಬೇಕಾಗಿರೋದು?”

ಕೋಚ್ ಗೇಟು ದಾಟಿ ಒಳಗೆ ಹೋಗಿ ಸೀಟಿ ಊದಿದರು. “ತಂಬಿ, ಇಂಗೆ ವಾ!” ಎಂದು ತಮಿಳಿನಲ್ಲಿ ತೇಜುವನ್ನು ಹತ್ತಿರ ಕರೆದರು.

ಗುಣವತಿ ‘ಬೇಡ’ ಎಂದು ಕೂಗುವಷ್ಟರಲ್ಲಿ ತೇಜು ಅವರ ಮುಂದೆ ನಿಂತಿದ್ದ. ಅವನಷ್ಟು ವೇಗ ಅಲ್ಲಿ ಯಾರಿಗೂ ಇರಲಿಲ್ಲ.