ಐದನೆಯ ಕಿಟಕಿ

ಹಾಗಾಗಿ, ನಿನ್ನೆ ಊಟದ ಗಂಟೆ ನನ್ನ ಮಾತನ್ನು ಕತ್ತರಿಸಿದಾಗ ನಾವು ಕಿಟಕಿಯ ಹತ್ತಿರಕ್ಕೇ ಬಂದಿದ್ದೆವು. ಅಧ್ಯಕ್ಷೆ ಶ್ರೀಮತಿ ಆಲ್ಡರ್ಸನ್ ಅವರೇ, ದುರಸ್ತಿ ಸಮಿತಿಯ ಗಾರ್ಸೈಡ್ ಅವರೇ, ಎರಡನೆಯ ದಿನವೂ ನನ್ನನ್ನು ಸಹಿಸಲು ಬಂದಿರುವ ಸಭಿಕರೇ!

ಇನ್ನೂರು ವರ್ಷದ ಹಿಂದೆ, ಜಾರ್ಜ್ ದೊರೆಗಳ ಕಾಲದಲ್ಲಿ ನಮ್ಮ ಈ ಹೆರನ್ ಛತ್ರವನ್ನು ಕಟ್ಟಿದವನು ಎಂಥ ಮನುಷ್ಯ! ಕುದುರೆಗಾಡಿಯ ಮೇಲೆ ಕೂತವರು ಟೋಪಿ ತೆಗೆಯದೆ ಒಳಬರುವಷ್ಟು ಎತ್ತರದ ಕಮಾನು; ಬಾಗಿಲ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡ ಗಾಜು, ಎರಡೂ ಪಕ್ಕ ಕಂಬ; ಮಹಡಿಯ ಕೆಂಪು ಇಟ್ಟಿಗೆಯಲ್ಲಿ ಐದು ಕಿಟಕಿ. ಕಾಲೇಜಿನಲ್ಲಿ ಇದಕ್ಕೆಲ್ಲ ದೊಡ್ಡ ದೊಡ್ಡ ಹೆಸರು ಕಲಿತಿದ್ದೆ. ಈಗ ನೆನಪಿರುವುದು ಸಿಮೆಟ್ರಿ ಒಂದೇ. ಅದೂ ನನ್ನ ಮುಖದಲ್ಲಿಲ್ಲ.

ಐದನೆಯ ಕಿಟಕಿಯ ಜಾಗದ ಹಿಂದೆ ಅಡುಗೆಮನೆಯ ಹೊಗೆಗೂಡು. ಅಲ್ಲಿ ಕಿಟಕಿ ಇಡುವಂತಿಲ್ಲ. ಖಾಲಿ ಬಿಟ್ಟರೆ ಕಟ್ಟಡಕ್ಕೆ ಒಂದು ಕಣ್ಣಿಲ್ಲ. ಏನು ಮಾಡಬೇಕು? ಗೋಡೆಯಲ್ಲೇ ಚೌಕಟ್ಟು ಕೂರಿಸಿ, ಗಾಜನ್ನು ಬಣ್ಣದಲ್ಲಿ ಬರೆಸಿಬಿಟ್ಟ! ಇದು ಮೋಸವೇ? ನಾನು ಮರ್ಯಾದೆ ಎನ್ನುತ್ತೇನೆ. ಬೀದಿಯಲ್ಲಿ ಹೋಗುವವರಿಗೆ ಕಟ್ಟಡ ತೋರಿಸುವ ಮರ್ಯಾದೆ.

ಮಳೆಗೆ ಬಣ್ಣ ಮಾಸುತ್ತದೆ. ಮತ್ತೆ ಮತ್ತೆ ಅದನ್ನು ಬರೆಯುತ್ತಿದ್ದವಳು, ಊರಿನ ಅಂಗಡಿ ಫಲಕಗಳನ್ನೆಲ್ಲ ಬರೆದ ನನ್ನ ಹೆಂಡತಿ ಮ್ಯೂರಿಯಲ್. ಏಣಿ ಹಿಡಿಯುವುದು ನನ್ನ ಕೆಲಸ.

“ಏನ್ರೀ, ಏಣಿ ಹಿಡ್ಕೊಳ್ಳಿ ಅಂದ್ರೆ ಆ ಕಡೆ ಏನ್ ನೋಡ್ತಿದೀರಿ?”

“ಕಂಬ ನೋಡ್ತಿದೀನಿ ಕಣೇ.”

“ಕಂಬ ಎಲ್ಲೂ ಓಡಿಹೋಗಲ್ಲ. ನಾನು ಬಿದ್ರೆ ಓಡಿಹೋಗೋರು ನೀವೇ!”

ಕಪ್ಪಿಗೆ ಅವಳು ಒಂದಿಷ್ಟು ನೀಲಿ ಬೆರೆಸುತ್ತಿದ್ದಳು. ಯಾಕೆಂದು ಕೇಳಿದೆ. “ಗಾಜು ಕಪ್ಪಗಿರಲ್ಲ ಕಣ್ರೀ. ಅದರಲ್ಲಿ ಆಕಾಶ ಇರತ್ತೆ.”

ಅವಳು ತೀರಿಹೋದಮೇಲೆ ಯಾರೂ ಏಣಿ ಹತ್ತಿಲ್ಲ. ಅಂಚಿನಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ನಿನ್ನೆ ಊಟದ ಮೇಜಿನಲ್ಲಿ ಗಾರ್ಸೈಡ್ ಅವರು, “ಒಳಗೆ ಕೋಣೇನೇ ಇಲ್ಲ ಸರ್, ಕಿಟಕಿ ಯಾರಿಗೆ? ಇಟ್ಟಿಗೆ ತುಂಬಿಸಿಬಿಡೋಣ” ಎಂದರು. ಒಳ್ಳೆಯ ಮನುಷ್ಯ, ಆಲೂಗೆಡ್ಡೆಯನ್ನೂ ನನ್ನ ಕಡೆಗೇ ಸರಿಸಿದರು. ಇನ್ನು ಸ್ವಲ್ಪ ಹೊತ್ತಿನಲ್ಲಿ ನೀವು ಕೈಯೆತ್ತಿ ಅದನ್ನು ತೀರ್ಮಾನಿಸಬೇಕು.

ಕಂಬಗಳ ವಿಷಯ ಇನ್ನೂ ಉಳಿದಿದೆ. ಅವುಗಳ ತಲೆಯ ಮೇಲಿನ... ಅರೆ, ಬೆಳಕು ಹೋಗುತ್ತಿದೆ!

ದಯವಿಟ್ಟು ದೀಪ ಹಾಕಬೇಡಿ. ಎಲ್ಲರೂ ಬೀದಿಗಿಳಿದು ತಲೆಯೆತ್ತಿ ನೋಡಿ. ಈ ಹೊತ್ತಿನಲ್ಲಿ ಐದರಲ್ಲೂ ಒಂದೇ ಆಕಾಶ. ಯಾವುದು ಗಾಜು, ಯಾವುದು ಮ್ಯೂರಿಯಲ್ ಎಂದು ಗುರುತಿಸಬಲ್ಲವರು ಇಟ್ಟಿಗೆಗೆ ಕೈಯೆತ್ತಲಿ. ಉಳಿದವರಲ್ಲಿ ಒಬ್ಬರು ಕುಂಚದೊಂದಿಗೆ ಏಣಿ ಹತ್ತಿದರೆ ಸಾಕು, ಹಿಡಿದುಕೊಳ್ಳಲು ನಾನಿದ್ದೇನೆ.

ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ನಮಸ್ಕಾರ.