ಅವಳಿಗೆ ಹೇಳಿ, ಬಗ್ಗಬಾರದು ಅಂತ

ಈ ಮಳೆಯಲ್ಲೂ ಬಿಳಿ ಪಂಚೆ ಉಟ್ಟುಕೊಂಡು ಕೆಸರುಗದ್ದೆಯ ಪಕ್ಕದಲ್ಲಿ ಕುಳಿತುಕೊಳ್ಳುವ ಧೈರ್ಯ ಮಾಡಿದ ಸಭಾಧ್ಯಕ್ಷರೇ, ಪಂಚಾಯತಿನ ಮಾನ್ಯ ಸದಸ್ಯರೇ, ನನ್ನನ್ನು ಅಂಗಡಿಯಿಂದ ಇಲ್ಲಿಗೆ ಎಳೆದುಕೊಂಡು ಬಂದ ವರ್ಕಾಡಿಯ ನಮ್ಮ ಯುವಕ ಮಂಡಲದ ಅಧ್ಯಕ್ಷ ವಿಜೇತ್ ಅವರೇ, ಬದುವಿನ ಮೇಲೆ ಆಗಲೇ ಅರ್ಧ ಒದ್ದೆಯಾಗಿ ನಿಂತಿರುವ ಹಗ್ಗಜಗ್ಗಾಟದ ತಂಡಗಳೇ, ತಾಯಂದಿರೇ, ಮತ್ತು ಶಾಮಿಯಾನದಲ್ಲಿ ನೀರು ಸೋರದ ಜಾಗವನ್ನೇ ಹುಡುಕಿ ಕುಳಿತಿರುವ ಜಾಣ ಸಭಿಕರೇ,

ಕೆಸರುಗದ್ದೆ ಕ್ರೀಡಾಕೂಟವನ್ನು ಉದ್ಘಾಟಿಸಲು ನನ್ನನ್ನು ಯಾಕೆ ಕರೆದರು? ಹೊಸಂಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಪೈಪು, ಮೊಳೆ, ಸಿಮೆಂಟು ಮಾರುವ ಈ ಗುಣಪಾಲ ರೈಗೂ ಕೆಸರಿಗೂ ಎಂತ ಸಂಬಂಧ? ವಿಜೇತ್ ಕಾರಣ ಹೇಳಲಿಲ್ಲ. ಆದರೆ ನನಗೆ ಗೊತ್ತುಂಟು. ಕಾರಣ ಆ ಫೋಟೋ. ನಾನೂ ನನ್ನ ಹೆಂಡತಿ ದಮಯಂತಿಯೂ ತಲೆಯಿಂದ ಕಾಲಿನವರೆಗೆ ಕೆಂಪಾಗಿ, ಹಲ್ಲು ಮಾತ್ರ ಬಿಳಿ ಕಾಣುವ ಹಾಗೆ ನಿಂತ ಫೋಟೋ ಈ ಊರಿನ ಯಾವ ವಾಟ್ಸಾಪ್ ಗ್ರೂಪಿನಲ್ಲಿ ಬರಲಿಲ್ಲ, ನೀವೇ ಹೇಳಿ? ಭಜನಾ ಮಂಡಳಿಯ ಗ್ರೂಪಿನಲ್ಲೂ ಬಂತು. ದೇಲಂಪಾಡಿಯ ನನ್ನ ಭಾವ ಅದನ್ನು ನೋಡಿ ಆಕ್ಸಿಡೆಂಟ್ ಅಂತಲೇ ತಿಳಿದು ಅಳುತ್ತಾ ಫೋನ್ ಮಾಡಿದ್ದರು.

ಆದ್ದರಿಂದ ಮೊದಲು ಸತ್ಯ ಸಂಗತಿ ಹೇಳಿಬಿಡುತ್ತೇನೆ. ಅದು ರಕ್ತ ಅಲ್ಲ, ಟೊಮೆಟೊ. ಸ್ಪೇನ್ ದೇಶದಲ್ಲಿ ಬುನ್ಯೋಲ್ ಎಂಬ ಸಣ್ಣ ಪೇಟೆ ಉಂಟು. ಅಲ್ಲಿ ಆಗಸ್ಟ್ ಕೊನೆಗೆ ಒಂದು ಹಬ್ಬ. ಲಾರಿಗಟ್ಟಲೆ ಹಣ್ಣು ಟೊಮೆಟೊ ತಂದು ಓಣಿಯಲ್ಲಿ ಸುರಿಯುತ್ತಾರೆ. ಜನ ಅದನ್ನು ಹೆಕ್ಕಿ ಒಬ್ಬರಿಗೊಬ್ಬರು ಎಸೆಯುತ್ತಾರೆ. ಯಾಕೆ ಎಂದು ಕೇಳಬೇಡಿ. ನಾನು ಕೇಳಿದೆ, ಅಲ್ಲಿಯವರು ನಕ್ಕರು. ಹಬ್ಬದ ಸುರುವಿಗೆ ಒಂದು ಉದ್ದದ ಕಂಬಕ್ಕೆ ಜಿಡ್ಡು ಹಚ್ಚಿ, ತುದಿಯಲ್ಲಿ ಹಂದಿಯ ತೊಡೆ ಕಟ್ಟಿ, ಹುಡುಗರನ್ನು ಹತ್ತಿಸುತ್ತಾರೆ. ನಮ್ಮ ಅಷ್ಟಮಿಗೆ ಎಣ್ಣೆ ಹಚ್ಚಿದ ಅಡಿಕೆ ಮರ ಹತ್ತುವುದಿಲ್ಲವಾ, ಥೇಟ್ ಅದೇ! ಅವರೂ ಜಾರುತ್ತಾರೆ, ಅವರ ಕೆಳಗೂ ನಮ್ಮ ಹಾಗೆಯೇ ಬುದ್ಧಿ ಹೇಳುವವರು ನಿಂತಿರುತ್ತಾರೆ.

ಅಲ್ಲಿಗೆ ನಾವು ಹೋದದ್ದು ಹೇಗೆ? ಮಗ ರೋಶನ್, ಸೊಸೆ ಪೂಜಾಶ್ರೀ ದುಬಾಯಿಯಲ್ಲಿರುವುದು ನಿಮಗೆ ತಿಳಿದದ್ದೇ. ಎಲ್ಲರೂ ಒಟ್ಟಿಗೆ ಎಲ್ಲಿಗಾದರೂ ಹೋಗುವಾ ಎಂದು ಅವರ ಯೋಚನೆ. ಎಲ್ಲಿಗೆ ಅಂತ ಸೊಸೆ ಅತ್ತೆಯಲ್ಲಿ ಕೇಳಿದಳು. ಕಾಶಿ ಅನ್ನಬಹುದು, ಹೆಚ್ಚೆಂದರೆ ಸಿಂಗಾಪುರ ಅನ್ನಬಹುದು ಎಂದು ನಾನು ಗ್ರಹಿಸಿದ್ದೆ. ಇವಳು ಸೊಸೆಯ ಮೊಬೈಲಿನಲ್ಲಿ ಯಾವತ್ತೋ ನೋಡಿದ ವಿಡಿಯೋ ನೆನಪು ಮಾಡಿಕೊಂಡು, "ಆ ಟೊಮೆಟೊ ಬಿಸಾಡುವ ಊರಿಗೆ" ಅಂದಳಂತೆ. ಅಂದಳಂತೆ ಅನ್ನುತ್ತೇನೆ, ಯಾಕೆಂದರೆ ನನ್ನಲ್ಲಿ ಹೇಳಿದ್ದಲ್ಲ. ಆ ಹೊತ್ತಿಗೆ ನಾವಿಬ್ಬರು ಮಾತು ಬಿಟ್ಟು ಎರಡು ವರ್ಷ ಆಗಿತ್ತು.

ನಗಬೇಡಿ. ನಿಮ್ಮಲ್ಲಿ ಸುಮಾರು ಜನಕ್ಕೆ ಇದು ಗೊತ್ತುಂಟು.

ಕಾರಣ ಒಂದು ಹಲಸಿನ ಮರ. ಅಂಗಳದ ಬದಿಯಲ್ಲಿ ಇತ್ತು, ಬಕ್ಕೆ ಹಲಸು. ಹೊಸ ಕಾರು ಬಂತು, ಶೆಡ್ಡಿಗೆ ಜಾಗ ಬೇಕಾಯಿತು. ದಮಯಂತಿ ತವರಿನಲ್ಲಿ ಮದುವೆ ಅಂತ ದೇಲಂಪಾಡಿಗೆ ಹೋಗಿದ್ದಾಗ ಕಡಿಸಿದೆ. ಅವಳು ಹೋಗುವುದನ್ನು ಕಾದು ಕಡಿಸಿದ್ದು ಎಂದು ಕೆಲವರು ಹೇಳುತ್ತಾರೆ. ಅಲ್ಲ, ಮರ ಕಡಿಯುವವನು ಸಿಕ್ಕಿದ್ದೇ ಆ ದಿನ. ಮೇಲಾಗಿ ಮರ ಪೂರ್ತಿ ಟೊಳ್ಳು. ಯಾವಾಗ ಮನೆಯ ಮೇಲೆ ಬೀಳುತ್ತದೋ ಎಂಬ ಸ್ಥಿತಿ. ಬೇಕಾದರೆ ಮನೆಗೆ ಬಂದು ನೋಡಿ, ಅದೇ ಮರದಿಂದ ಮಾಡಿಸಿದ ಎದುರಿನ ಬಾಗಿಲು ಕಬ್ಬಿಣದ ಹಾಗೆ ಗಟ್ಟಿ ನಿಂತಿದೆ.

ಇರಲಿ, ಅದು ಬಿಡಿ.

ಅವಳು ತವರಿನಿಂದ ಬಂದಳು, ಅಂಗಳ ನೋಡಿದಳು, ಒಳಗೆ ಹೋದಳು. ಅಷ್ಟೇ. ಕೂಗಾಡಿದ್ದರೆ ಸುಲಭ ಇತ್ತು. ನನಗೂ ಹಠ ಬಂತು. ಮಾತು ಬಿಟ್ಟವಳು ಅವಳು, ಅವಳೇ ಸುರು ಮಾಡಲಿ. ಹಾಗೆಂದು ಮನೆ ನಡೆಯಬೇಡವೇ? ನಮ್ಮ ದನ ನೋಡಿಕೊಳ್ಳುವ ಉಗ್ಗಪ್ಪ ಇದ್ದಾನಲ್ಲ, ಓ ಅಲ್ಲಿ ಕಂಬಕ್ಕೆ ಒರಗಿ ನಿಂತಿದ್ದಾನೆ, ಅವನೇ ನಮ್ಮ ತಂತಿ ಅಂಚೆ. ನಾನು ಚಾವಡಿಯಲ್ಲಿ, ಅವಳು ಅಡುಗೆಮನೆಯಲ್ಲಿ, ಉಗ್ಗಪ್ಪ ನಡುವಿನ ಬಾಗಿಲಲ್ಲಿ. "ಉಗ್ಗಪ್ಪ, ನಾಳೆ ನಾನು ಕಾಸರಗೋಡಿಗೆ ಹೋಗುವುದುಂಟು ಅಂತ ಹೇಳು." ಅವಳಿಗೆ ಕೇಳಿಸಿರುತ್ತದೆ, ಆದರೂ ಉಗ್ಗಪ್ಪ ಹೇಳಬೇಕು. "ಉಗ್ಗಪ್ಪ, ಹೋಗುವವರು ಹೋಗಲಿ, ಕೊಡೆ ತಕ್ಕೊಂಡು ಹೋಗಲಿ ಅಂತ ಹೇಳು." ಇವನು ನನ್ನ ಹತ್ತಿರ ಬಂದು, "ಅಣ್ಣ, ನೀವು ಒದ್ದೆಯಾದರೆ ಅಕ್ಕನಿಗೆ ಬೇಜಾರು ಆಗ್ತದಂತೆ" ಅನ್ನುತ್ತಿದ್ದ. ಅದರಲ್ಲಿ ಎಷ್ಟು ಸಿಹಿ ಇವನು ತನ್ನ ಕೈಯಿಂದ ಹಾಕಿದ್ದನೋ ದೇವರಿಗೆ ಗೊತ್ತು. ಆ ಎರಡು ವರ್ಷ ನಮ್ಮ ಸಂಸಾರ ಉಳಿದದ್ದರಲ್ಲಿ ಇವನ ಪಾಲು ಸಣ್ಣದಲ್ಲ.

ಹೀಗಿರುವಾಗ ದುಬಾಯಿ ತಲುಪಿದೆವು. ಮರುದಿನ ನಾಲ್ಕು ಮಂದಿಯೂ ಸ್ಪೇನಿಗೆ ಹೊರಡುವುದು. ವಿಮಾನ ನಿಲ್ದಾಣದಲ್ಲಿ ರೋಶನ್ ಪೆಚ್ಚು ಮೋರೆ ಮಾಡಿ, "ಅಪ್ಪ, ರಜೆ ಸಿಗಲಿಲ್ಲ. ಟಿಕೆಟ್ ಹಾಳಾಗುತ್ತದೆ, ನೀವಿಬ್ಬರೇ ಹೋಗಿ ಬನ್ನಿ" ಅಂದ. ಸೊಸೆ ಆ ಕಡೆ ತಿರುಗಿ ನಿಂತಿದ್ದಳು. ಪಾಪ, ಅಳುತ್ತಿದ್ದಾಳೆ ಎಂದುಕೊಂಡೆ. ನಗು ತಡೆದುಕೊಳ್ಳುತ್ತಿದ್ದದ್ದಂತೆ! ಅವನು ರಜೆ ಕೇಳಿಯೇ ಇರಲಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ಸಭಿಕರೇ, ಸ್ವಲ್ಪ ಆಲೋಚನೆ ಮಾಡಿ. ಗಂಡ ಹೆಂಡತಿ ಮಾತಾಡುವುದಿಲ್ಲ. ಉಗ್ಗಪ್ಪ ವರ್ಕಾಡಿಯಲ್ಲಿ. ವಿಮಾನ ಹೊರಡುವ ಹೊತ್ತು. ಇವಳಿಗೆ ಸೀಟಿನ ಬೆಲ್ಟ್ ಹಾಕಲಿಕ್ಕೆ ಇನ್ನೂ ಬರುವುದಿಲ್ಲ. ನಾನೆಂತ ಮಾಡಬೇಕು? ಗಗನಸಖಿಯನ್ನು ಕರೆದು, "ಪ್ಲೀಸ್, ಟೆಲ್ ಹರ್" ಅಂದೆ. ಆ ಹುಡುಗಿ ನನ್ನನ್ನೂ ನೋಡಿದಳು, ನನ್ನ ಮೊಣಕೈಗೆ ತಾಗಿ ಕುಳಿತ ಇವಳನ್ನೂ ನೋಡಿದಳು, ತಾನೇ ಬೆಲ್ಟ್ ಹಾಕಿಕೊಟ್ಟಳು.

ಹಬ್ಬದ ದಿನ ಬಂತು. ಓಣಿ ಅಂದರೆ ಇಕ್ಕಟ್ಟಿನ ಓಣಿ, ಎರಡು ಬದಿಗೂ ಎತ್ತರದ ಮನೆ, ಗೋಡೆಗೆಲ್ಲ ಪ್ಲಾಸ್ಟಿಕ್ ಹೊದಿಸಿದ್ದಾರೆ. ನಡುವೆ ಸಾಸಿವೆ ಹಾಕಿದರೆ ಕೆಳಗೆ ಬೀಳದಷ್ಟು ಜನ. ನಿಯಮ ಒಂದೇ. ಟೊಮೆಟೊವನ್ನು ಕೈಯಲ್ಲಿ ಹಿಚುಕಿ ಎಸೆಯಬೇಕು, ಗಟ್ಟಿಯಾಗಿ ಎಸೆದರೆ ಪೆಟ್ಟಾಗುತ್ತದೆ. ಸೊಸೆ ಕೊಟ್ಟ ಬಿಳಿ ಟೀ ಶರ್ಟನ್ನು ಚೂಡಿದಾರದ ಪ್ಯಾಂಟಿನ ಮೇಲೆ ಹಾಕಿಕೊಂಡು ದಮಯಂತಿ ನಿಂತಿದ್ದಳು. ನಾನು ಅವಳನ್ನು ಟೀ ಶರ್ಟಿನಲ್ಲಿ ನೋಡಿದ್ದು ಅದೇ ಮೊದಲು. ಚಂದ ಕಾಣುತ್ತಿದ್ದಳು. ಹೇಳುವುದು ಯಾರ ಮೂಲಕ?

ಢಂ ಎಂದು ಸದ್ದಾಯಿತು. ಲಾರಿ ಬಂತು. ಸುರಿಯಿತು ನೋಡಿ ಟೊಮೆಟೊ! ಒಂದು ನಿಮಿಷದಲ್ಲಿ ಪಾದ ಮುಳುಗಿತು. ನಾನು ಒಂದನ್ನು ಹಿಚುಕಿ ಯಾರಿಗೋ ಎಸೆದು, ಇವಳೆಲ್ಲಿ ಅಂತ ತಿರುಗಿದರೆ, ಇವಳು ಬಗ್ಗಿದ್ದಾಳೆ. ಎದ್ದಳು, ಪುನಃ ಬಗ್ಗಿದಳು. ಎಂತ ಮಾಡುತ್ತಿದ್ದಾಳೆ ಇವಳು? ನಮ್ಮಲ್ಲಿ ಅನ್ನದ ಅಗುಳು ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದಿಲ್ಲವಾ? ತಿನ್ನುವ ವಸ್ತುವಿಗೆ ಕಾಲು ತಾಗಬಾರದಲ್ಲ? ಇವಳು ಕಾಲಿಗೆ ತಾಗಿದ ಟೊಮೆಟೊವನ್ನೆಲ್ಲ ಮುಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಾಳೆ! ಆ ಓಣಿಯಲ್ಲಿ! ಪಾದ ಮುಳುಗುವ ಟೊಮೆಟೊದಲ್ಲಿ! ಎರಡನೆಯ ಲಾರಿಗೆ ದಾರಿ ಬಿಡಲಿಕ್ಕೆ ಜನ ಒತ್ತಿಕೊಂಡು ಹಿಂದೆ ಬರುತ್ತಿದ್ದಾರೆ. ಬಗ್ಗಿದವಳು ಕೆಳಗೆ ಬಿದ್ದರೆ ತುಳಿದೇ ಬಿಡುತ್ತಾರೆ.

ನಮ್ಮಿಬ್ಬರ ನಡುವೆ ಒಬ್ಬ ದಢೂತಿ ಆಳು ಇದ್ದ. ಬರಿ ಮೈ, ಕೆಂಪು ಗಡ್ಡ, ನಮ್ಮ ಸಭಾಧ್ಯಕ್ಷರ ಎರಡರಷ್ಟು ಅಗಲ. ಅಭ್ಯಾಸ ಎಂಬುದು ನೋಡಿ! ನಾನು ಅವನ ಭುಜ ಹಿಡಿದು ಶುದ್ಧ ವರ್ಕಾಡಿ ಭಾಷೆಯಲ್ಲಿ ಹೇಳಿದೆ: "ಮಾರಾಯ, ಸ್ವಲ್ಪ ಅವಳಿಗೆ ಹೇಳಿ, ಬಗ್ಗಬಾರದು ಅಂತ!"

ಅವನು ಬಹಳ ಸಂತೋಷದಿಂದ ಒಂದು ಟೊಮೆಟೊವನ್ನು ನನ್ನ ನೆತ್ತಿಯ ಮೇಲೆ ಇಟ್ಟು ಒತ್ತಿದ.

ರಸ ಕಣ್ಣಿಗೆ ಇಳಿಯಿತು. ಇವಳು ಕಾಣಿಸಲಿಲ್ಲ. ಒಂದು ಕ್ಷಣ, ಸಭಿಕರೇ, ನಿಜವಾಗಿಯೂ ಕಾಣಿಸಲಿಲ್ಲ. ಆಗ ನನ್ನ ಹಠವೂ ಇಲ್ಲ, ಮರವೂ ಇಲ್ಲ. "ದಮಯಂತೀ!" ಎಂದು ಕಿರುಚಿದೆ. "ದಮಯಂತೀ, ಬಗ್ಗಬೇಡ! ಏಳು! ದಮಯಂತೀ!"

ಗೋಡೆಯ ಬದಿಯಿಂದ ಅವಳು ಎದ್ದಳು. ನನ್ನನ್ನು ನೋಡಿದಳು. ಕೈಯಲ್ಲಿ ಒಂದು ಟೊಮೆಟೊ ಇತ್ತು. ಕಣ್ಣಿಗೆ ಒತ್ತಿಕೊಳ್ಳಲಿಕ್ಕೆ ಹೆಕ್ಕಿದ್ದು. ಒತ್ತಿಕೊಂಡಳು. ಆಮೇಲೆ ನಿಯಮ ಪ್ರಕಾರ ಚೆನ್ನಾಗಿ ಹಿಚುಕಿದಳು. ಆಮೇಲೆ ನನ್ನ ಮೋರೆಗೆ ಎಸೆದಳು.

ಎಂಥ ಗುರಿ! ಮೂಗಿಗೇ ಬಿತ್ತು. ನಾನು ಒಂದು ಎಸೆದೆ, ತಪ್ಪಿತು. ಅವಳು ಎರಡು ಎಸೆದಳು, ಎರಡೂ ತಾಗಿತು. ಆ ಕೆಂಪು ಗಡ್ಡದವನು ಅವಳಿಗೆ ಟೊಮೆಟೊ ಹೆಕ್ಕಿ ಕೊಡಲಿಕ್ಕೆ ಸುರು ಮಾಡಿದ! ಇವಳು ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಉಸಿರು ಸಿಕ್ಕದೆ ನಗುತ್ತಿದ್ದಳು. ವ್ಯಾಪಾರಸ್ಥರ ಸಂಘದ ಮಾಜಿ ಅಧ್ಯಕ್ಷನಾದ ನಾನು ಆ ರಸದಲ್ಲಿ ಜಾರಿ ಕುಳಿತುಕೊಂಡು ಚಪ್ಪಾಳೆ ತಟ್ಟುತ್ತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಖುಷಿ ನಾನು ಪಟ್ಟದ್ದಿಲ್ಲ. ಆ ಫೋಟೋವನ್ನು ನನ್ನ ಮೊಬೈಲಿನಲ್ಲಿ ತೆಗೆದದ್ದೂ ಆ ಗಡ್ಡದ ಪುಣ್ಯಾತ್ಮನೇ.

ಹಬ್ಬ ಮುಗಿದ ಮೇಲೆ ಊರಿನ ಒಬ್ಬಳು ಅಜ್ಜಿ ತನ್ನ ಮನೆ ಬಾಗಿಲಲ್ಲಿ ನಿಂತು ಪೈಪಿನಿಂದ ನೀರು ಹಿಡಿದು ನಮ್ಮನ್ನು ತೊಳೆದಳು. ಮೆಟ್ಟಿಲ ಮೇಲೆ ಕುಳಿತೆವು. ದಮಯಂತಿ ನನ್ನನ್ನು ನೋಡಿ ಹೇಳಿದಳು: "ಕಿವಿಯೊಳಗೆ ಬೀಜ ಉಂಟು. ಇತ್ತ ತಿರುಗಿ."

ತಿರುಗಿದೆ. ತೆಗೆದಳು. ಮತ್ತೊಂದು ಕಿವಿಯಲ್ಲೂ ಉಂಟು ಅಂತ ನಾನು ಹೇಳಿದೆ. ಸುಳ್ಳು. ಅದರಲ್ಲಿ ಎಂತದ್ದೂ ಇರಲಿಲ್ಲ.

ಅಲ್ಲಿಂದ ರೈಲಿನಲ್ಲಿ ಮಾತು ಸುರುವಾಯಿತು. ಮಳೆಗಾಲದ ಹೊಳೆಯ ಹಾಗೆ ಬಂತು. ಎರಡು ವರ್ಷದಲ್ಲಿ ನನ್ನ ಮನೆಯಲ್ಲಿ ಎಂತೆಲ್ಲ ಆಯಿತು ಎಂಬುದು ನನಗೆ ತಿಳಿದದ್ದು ಸ್ಪೇನ್ ದೇಶದಲ್ಲಿ! ಯಾವ ದನ ಕರು ಹಾಕಿತು, ಯಾರ ಮದುವೆಗೆ ನನ್ನ ಹೆಸರಿನಲ್ಲಿ ಎಂತ ಉಡುಗೊರೆ ಹೋಯಿತು, ಎಲ್ಲ. ಟೊಮೆಟೊ ಊರೇ ಯಾಕೆ ಬೇಕಾಯಿತು ನಿನಗೆ ಅಂತ ಕೇಳಿದೆ. "ನಿಮಗೆ ಎಂತಾದರೂ ತೆಗೆದು ಬಿಸಾಡಬೇಕು ಅಂತ ಇತ್ತು. ಅಲ್ಲಿ ಬಿಸಾಡಿದರೆ ಯಾರೂ ಬೈಯುವುದಿಲ್ಲವಲ್ಲ" ಅಂದಳು.

ಮತ್ತೆ ಇನ್ನೊಂದು ಹೇಳಿದಳು. ಏನೋ ಒಂದು ದೊಡ್ಡ ಕಾಯಿಲೆ ಇರಬಹುದು ಅಂತ ಹೆದರಿ, ಒಬ್ಬಳೇ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಳಂತೆ. ಎಂತದ್ದೂ ಇಲ್ಲ ಅಂದರಂತೆ ಡಾಕ್ಟ್ರು. ವಾಪಸು ಬರುವಾಗ ಹೊಸಂಗಡಿಯಲ್ಲಿ ಇಳಿದು ನನ್ನ ಅಂಗಡಿಯ ಎದುರು ನಿಂತಳಂತೆ, ಯಾರಿಗಾದರೂ ಹೇಳಬೇಕು ಅಂತ. ನಾನು ಗಿರಾಕಿಗೆ ಪೈಪು ಅಳೆದು ಕೊಡುತ್ತಿದ್ದೆನಂತೆ. ಅದನ್ನು ನೋಡಿ, ಒಳಗೆ ಬಾರದೆ ವರ್ಕಾಡಿ ಬಸ್ಸು ಹತ್ತಿದಳಂತೆ.

ಕ್ಷಮಿಸಿ. ಇದು ಭಾಷಣಕ್ಕೆ ಅಂತ ತಂದದ್ದಲ್ಲ. ಸ್ವಲ್ಪ ನೀರು ಕೊಡಿ.

ಹಾಂ. ಕೊನೆಗೆ ಮರದ ವಿಷಯ ಬಂತು. ಟೊಳ್ಳಾಗಿತ್ತು ಅಂತ ನಾನು ಸುರು ಮಾಡಿದೆ. ಅವಳು ತಡೆದಳು. "ಮರ ಬಿಡಿ. ನೀವು ಒಂದು ಮಾತು ಕೇಳಬಹುದಿತ್ತಲ್ಲ? ಆಯ್ತು ಅನ್ನುತ್ತಿದ್ದೆನೋ ಏನೋ. ಕೇಳಬಹುದಿತ್ತು." ಅಷ್ಟೇ ಅಂದಳು, ಕಿಟಕಿಯ ಹೊರಗೆ ನೋಡಿದಳು.

ಸಭಿಕರೇ, ಈಗ ವಿಜೇತ್ ಹಿಂದಿನಿಂದ ನನ್ನ ಕಿವಿಯಲ್ಲಿ ಒಂದು ವಿಷಯ ಹೇಳುತ್ತಿದ್ದಾರೆ. ಈ ವರ್ಷ ಹೊಸದಾಗಿ ದಂಪತಿಗಳ ಕೆಸರು ಓಟ ಇಟ್ಟಿದ್ದಾರಂತೆ. ಗಂಡ ಹೆಂಡತಿ ಕೈ ಹಿಡಿದುಕೊಂಡು ಆಚೆ ಬದುವಿಗೆ ಓಡುವುದು. ಈವರೆಗೆ ಒಂದೂ ಹೆಸರು ಬಂದಿಲ್ಲವಂತೆ. ನಿಮ್ಮಿಬ್ಬರ ಹೆಸರು ಬರೆದುಕೊಳ್ಳಲಾ ಅಂತ ಕೇಳುತ್ತಿದ್ದಾರೆ. ಬರೆದುಕೊಳ್ಳಿ ಅನ್ನಲು ಬಾಯಿ ತೆರೆದಿದ್ದೆ.

ತಡೆಯಿರಿ ವಿಜೇತ್.

ದಮಯಂತೀ, ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತರೆ ಕಾಣುವುದಿಲ್ಲ ಅಂತ ತಿಳಿಯಬೇಡ. ನಿನ್ನಲ್ಲಿ ಒಂದು ಮಾತು ಕೇಳುತ್ತಿದ್ದೇನೆ. ಊರಿಗೆಲ್ಲ ಕೇಳಲಿ ಅಂತ ಮೈಕಿನಲ್ಲೇ ಕೇಳುತ್ತಿದ್ದೇನೆ. ನಾವಿಬ್ಬರೂ ಓಡುವಾ? ಉಟ್ಟದ್ದು ಹೊಸ ಸೀರೆ ಅಂತ ನನಗೆ ಗೊತ್ತುಂಟು. ಬೇಡ ಅಂದರೆ ಬೇಡ, ನನಗೆ ಬೇಸರ ಇಲ್ಲ. ನೀನು ಹೇಳಿದ ಹಾಗೆ.

ಉಗ್ಗಪ್ಪಾ, ನೀನು ಅಲ್ಲೇ ನಿಲ್ಲು! ನೀನು ಹೋಗಿ ಹೇಳಬೇಕಾಗಿಲ್ಲ. ಅವಳಿಗೆ ಕೇಳಿಸಿದೆ.

ಸಭಿಕರೇ, ಎದ್ದಳು. ಚಪ್ಪಲಿ ಬಿಟ್ಟಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದಾಳೆ. ಬರೆದುಕೊಳ್ಳಿ ವಿಜೇತ್, ಅವಳ ಹೆಸರು ಮೊದಲು! ಅಧ್ಯಕ್ಷರೇ, ಈ ವಾಚು ಮತ್ತು ಕನ್ನಡಕ ಸ್ವಲ್ಪ ಹಿಡಿದುಕೊಳ್ಳಿ. ನನ್ನನ್ನು ಕರೆದ ಯುವಕ ಮಂಡಲಕ್ಕೆ, ಮಳೆಯಲ್ಲಿ ಕುಳಿತು ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ಮನಸಾರೆ ವಂದನೆ. ಕ್ರೀಡಾಕೂಟ ಉದ್ಘಾಟನೆ ಆಯಿತು ಅಂತಲೇ ತಿಳಿಯಿರಿ, ದೀಪ ನೀವೇ ಹಚ್ಚಿ. ಅವಳು ಬದುವಿನಲ್ಲಿ ಕೈ ಚಾಚಿ ಕಾಯುತ್ತಿದ್ದಾಳೆ, ನಾನು ಹೋಗಬೇಕು. ನಮಸ್ಕಾರ.