ಗಾಳಿಯಿಲ್ಲದ ಜಾಗ

ಆ ಬಾವುಟದ ಕಂಬದ ಕಡೆ ಯಾಕೆ ನೋಡ್ತಾ ನಿಂತೆ? ಹಗ್ಗ ಕಿತ್ತುಹೋಗಿದೆ ಅಂತ ಆಗಲೇ ಹೇಳಿದೆನಲ್ಲ... ಓಹೋ, ಸರಿಮಾಡಿಕೊಡ್ತೀಯಂತೆ! ಇಡೀ ಸಮುದ್ರಕ್ಕೆ ಗಾಳಿಯಂತ್ರ ನೆಡೋಕೆ ಬಂದವನು ನನ್ನ ಅಂಗಳದಲ್ಲಿ ಹಗ್ಗ ಕಟ್ಟುತ್ತಾ ನಿಂತರೆ ನಿನ್ನ ಕಂಪನಿಯವರು ಏನಂದಾರು? ಬಾ ಒಳಗೆ, ಎಸ್ಕಿಲ್. ಬಾಗಿಲು ಹಾಕು, ಮರಳು ಬರುತ್ತೆ. ಕೂತ್ಕೋ... ಅಲ್ಲಲ್ಲ, ಆ ಕುರ್ಚಿ ಬೇಡ! ಈ ಕಡೆ ಬಾ. ಅದರ... ಅದರ ಕಾಲು ಸಡಿಲ.

ಕಾಫಿ ತಗೋ. ಕೊಬ್ಬರಿ ಕೇಕ್ ಮಾಡಿದೀನಿ. ಆರನೇ ಕ್ಲಾಸಿನಲ್ಲಿ ನೀನೂ ನನ್ನ ಮಗ ಮಾಲ್ಟೆಯೂ ಸೇರಿ ತಟ್ಟೆ ಪೂರ್ತಿ ಖಾಲಿ ಮಾಡಿ, ತಪ್ಪನ್ನ ಬೆಕ್ಕಿನ ಮೇಲೆ ಹಾಕಿದ್ರಲ್ಲ, ಅದೇ ಕೇಕ್. ಪಾಪ, ಆ ಬೆಕ್ಕಿಗೆ ನಾನು ಬೈದೂ ಬೈದೆ. ನಗು, ನಗು. ಅವನಿದ್ದಿದ್ರೆ ಅವನೂ... ತಗೋ, ತಿನ್ನು.

ಈಗ ವಿಷಯಕ್ಕೆ ಬರೋಣ. ಇಗೋ, ನೀನು ಕಳಿಸಿದ ಉಪಗ್ರಹದ ಚಿತ್ರ. ಮೊನ್ನೆ ಊರ ಸಭೆಯಲ್ಲಿ ಎಷ್ಟು ಚೆನ್ನಾಗಿ ವಿವರಿಸಿದೆ! ಉಪಗ್ರಹಕ್ಕೆ ಗಾಳಿ ಕಾಣಲ್ಲ, ನೀರು ಕಾಣುತ್ತೆ. ಮೇಲಿಂದ ರೇಡಾರ್ ಅಲೆ ಬಿಡುತ್ತೆ. ಗಾಳಿ ಬೀಸೋ ಕಡೆ ನೀರಿನ ಮೈ ತರಿತರಿಯಾಗಿರುತ್ತೆ, ಅಲೆ ವಾಪಸ್ ಬರುತ್ತೆ, ಚಿತ್ರದಲ್ಲಿ ಬೆಳ್ಳಗೆ ಕಾಣುತ್ತೆ. ನೀರು ನುಣ್ಣಗಿದ್ರೆ ರೇಡಾರ್ ಅಲೆ ಜಾರಿ ಆಚೆ ಹೋಗುತ್ತೆ, ಕಪ್ಪಗೆ ಕಾಣುತ್ತೆ. ಇಂಥ ನೂರಾರು ಚಿತ್ರ ಒಂದರ ಮೇಲೊಂದು ಇಟ್ಟು, ಎಲ್ಲಿ ಗಾಳಿ ಜಾಸ್ತಿಯೋ ಅಲ್ಲಿ ಯಂತ್ರ ನೆಡೋದು. ಸರಿಯಾಗಿ ಹೇಳಿದೆನಾ? ಹಿಂದಿನ ಸಾಲಿನಲ್ಲಿ ತೂಕಡಿಸ್ತಿದ್ದ ಮುದುಕರಿಗೂ ಅರ್ಥ ಆಯ್ತು. ನನಗೆ ಹೆಮ್ಮೆ ಆಯ್ತು ಕಣೋ.

ಹಾಗಾದ್ರೆ ಇದೇನು? ಇಲ್ಲಿ, ನನ್ನ ಬೆರಳ ಹತ್ತಿರ. ಸುತ್ತ ಎಲ್ಲ ಬೆಳ್ಳಗಿದೆ, ನಡುವೆ ಒಂದು ಕಪ್ಪು ಮಚ್ಚೆ, ಉದ್ದ ಬಾಲ ಬಿಟ್ಟುಕೊಂಡು. ಕಪ್ಪು ಅಂದ್ರೆ ಗಾಳಿಯಿಲ್ಲ. ನಿನ್ನ ಮಾತೇ! ಡೆನ್ಮಾರ್ಕಿನ ಈ ಪಶ್ಚಿಮ ಕರಾವಳಿಯಲ್ಲಿ ಗಾಳಿಯಿಲ್ಲದ ಜಾಗ ಒಂದು ಸಿಕ್ಕಿದ್ದೇ ಹೆಚ್ಚು, ಅದನ್ನ ಅದರ ಪಾಡಿಗೆ ಬಿಡಬಾರದಾ? ಯಂತ್ರ ನೆಡೋ ಜಾಗದ ನಿಮ್ಮ ಗಡಿಯನ್ನ ಸ್ವಲ್ಪ ಪಶ್ಚಿಮಕ್ಕೆ ಸರಿಸಿ. ಅಷ್ಟೇ ನಾನು ಕೇಳೋದು.

ತಲೆ ಯಾಕೆ ಅಲ್ಲಾಡಿಸ್ತೀಯ? ಒಂದು ದಿನದ ಚಿತ್ರ, ಸರಾಸರಿಯಲ್ಲಿ ಲೆಕ್ಕಕ್ಕೇ ಬರಲ್ಲ... ಗೊತ್ತಪ್ಪ. ನಿನಗೆ ಸರಾಸರಿ ಕಲಿಸಿದ್ದು ಯಾರು?

ಊರಿನವರು ಏನು ಆಡ್ಕೊಳ್ತಾರೆ ಅಂತಲೂ ಗೊತ್ತು. 'ಟೀಚರಮ್ಮನಿಗೆ ಫ್ಯಾನ್ ಕಂಡ್ರೆ ಶೀತ ಆಗುತ್ತೆ' ಅಂತ ಮೀನಂಗಡಿಯಲ್ಲಿ ನಕ್ಕರಂತೆ. ನಗಲಿ. ಬಂದರಿಗೆ ಕೆಲಸ ಬೇಕು, ನಾನು ಬೇಡ ಅಂದೆನಾ? ಎಷ್ಟು ಬೇಕೋ ಅಷ್ಟು ನೆಡಿ. ಆ ಒಂದು ಕಡೆ ಬೇಡ. ಅಷ್ಟೇ.

ಆ ದಿನಾಂಕದ ಮೇಲೆ ಬೆರಳಿಡಬೇಡ. ಹೌದು, ಆ ದಿನದ ಚಿತ್ರವೇ ಬೇಕು ಅಂತ ನಾನೇ ಕೇಳಿದ್ದು. ಎರಡು ವರ್ಷದ ಹಿಂದಿನ ಏಪ್ರಿಲ್. ಮಾಲ್ಟೆ ಸಮುದ್ರಕ್ಕೆ ಹೋದ ಮಾರನೇ ಬೆಳಿಗ್ಗೆ. ಅದರಲ್ಲೇನು? ಅವತ್ತು ಗಾಳಿ ಹೇಗಿತ್ತು ಅಂತ ನೋಡಬೇಕು ಅನ್ನಿಸಿತು. ತಾಯಿಗೆ ಅನ್ನಿಸಬಾರದಾ? ಬಿರುಗಾಳಿ ಇರಲಿಲ್ಲ, ಎಸ್ಕಿಲ್. ದಿನಾ ಬೀಸೋ ಗಾಳಿ. ಬಲೆ ಎಳೆದು ಬರ್ತೀನಿ ಅಂತ ಒಬ್ಬನೇ ದೋಣಿ ತಗೊಂಡು ಹೋದ. ಬಲೆ ಎಲ್ಲಿ ಸಿಕ್ಕಿಕೊಂಡಿತೋ, ದೋಣಿ ಹೇಗೆ ಮಗುಚಿತೋ... ಹೆಲಿಕಾಪ್ಟರ್ ಉತ್ತರದ ಕಡೆ ಹುಡುಕಿತು. ಸಂಜೆವರೆಗೂ ಉತ್ತರದಲ್ಲೇ ಹುಡುಕಿತು.

ಸಿಗ್ನೆ ಹೆಸರು ಎತ್ತಬೇಡ. ಅವಳು ಅವನ ಹೆಂಡತಿ, ಅವಳ ಸಂಕಟ ನನಗೆ ಗೊತ್ತಿಲ್ವಾ? ಪ್ರತಿ ಭಾನುವಾರ ಮರಳ ದಿಬ್ಬದ ಮೇಲೆ ನಿಂತು ನೀರು ನೋಡ್ತಾಳೆ, ಆಮೇಲೆ ಇಲ್ಲಿಗೆ ಬರ್ತಾಳೆ. 'ಅತ್ತೆ, ಎಲ್ಲಿದ್ದಾನೆ ಅಂತ ಗೊತ್ತಾದ್ರೆ ಸಾಕು, ಇನ್ನೇನೂ ಬೇಡ' ಅಂತಾಳೆ. ನಾನೇ ಸಮಾಧಾನ ಹೇಳೋದು. ಅವನು ಹೋದ, ಒಪ್ಪಿಕೋ ಮಗಳೇ, ನಾನು ಒಪ್ಪಿಕೊಂಡಿಲ್ವಾ ಅಂತ. ಥೂರಾ ಟೀಚರ್ ಗಟ್ಟಿ ಹೆಂಗಸು ಅಂತ ಊರೇ ಹೇಳುತ್ತೆ. ಕೇಳು ಬೇಕಾದ್ರೆ.

ಆ... ಮುಂದಿನ ತಿಂಗಳು ಒಂದು ಹಡಗು ಬರುತ್ತೆ ಅಂದೆಯಲ್ಲ ಸಭೆಯಲ್ಲಿ, ಗಡಿಯೊಳಗಿನ ಸಮುದ್ರದ ತಳವನ್ನೆಲ್ಲ ತಡಕಿ ನೋಡೋಕೆ. ಗಡಿಯ ಆಚೆ ನೋಡಲ್ಲ ತಾನೇ? ಇಲ್ಲ... ಸುಮ್ಮನೆ ಕೇಳಿದೆ.

ಯಾಕೆ ಎದ್ದೆ? ನೀರು ಬೇಕಾ? ಲೋಟ ಮೇಲಿದೆ... ಅದು ಪಾತ್ರೆ ತೊಳೆಯೋ ಬೋಗುಣಿ ಕಣೋ! ಅದಕ್ಕೆ ಯಾಕೆ ನೀರು ಹಿಡೀತಿದ್ದೀಯ? ಎಸ್ಕಿಲ್. ಆ ಎಣ್ಣೆ ಬಾಟಲಿ ಕೆಳಗಿಡು. ಇಡು ಅಂದೆನಲ್ಲ... ಊದಬೇಡ. ದಯವಿಟ್ಟು, ಊದಬೇಡ.

ಗೊತ್ತು. ನೀರಿನ ಮೇಲೆ ಊದಿದ್ರೆ ಸಣ್ಣ ಅಲೆ ಏಳುತ್ತೆ. ಒಂದು ಹನಿ ಎಣ್ಣೆ ಬಿಟ್ಟರೆ, ಎಷ್ಟು ಊದಿದ್ರೂ ಅಷ್ಟು ಜಾಗ ನುಣ್ಣಗೆ. ಗಾಳಿ ಇರುತ್ತೆ... ನೀರು ಮಾತ್ರ ಸುಮ್ಮನಿರುತ್ತೆ. ಕಲಿಸಿದ್ದೇ ನಾನು. ಇಂಥದೇ ಬೋಗುಣಿಯಲ್ಲಿ. ಮಾಲ್ಟೆ ಕೆನ್ನೆ ಉಬ್ಬಿಸಿ ಊದಿ ನಿನ್ನ ಅಂಗಿಯೆಲ್ಲ ಒದ್ದೆ ಮಾಡಿದ, ನೀನು ಅತ್ತುಬಿಟ್ಟೆ. ಮರೆತಿಲ್ಲ. ಯಾವುದೂ ಮರೆತಿಲ್ಲ.

ಏನಾದ್ರೂ ಮಾತಾಡೋ. 'ಅದು ಡೀಸೆಲ್, ಅವನ ದೋಣಿಯ ಡೀಸೆಲ್' ಅಂತ ನೀನು ಹೇಳು, ನಾನು ಅಲ್ಲ ಅಂತೀನಿ. ಹೀಗೆ ನೋಡ್ತಾ ನಿಂತರೆ ನಾನು ಯಾರ ಹತ್ತಿರ ವಾದ ಮಾಡ್ಲಿ?

...ಚಿತ್ರ ತೆರೆದು ನೋಡಿದ ಕೂಡಲೇ ಗೊತ್ತಾಯ್ತು. ಆದರೆ ದೋಣಿ ಸಿಗೋ ತನಕ ಅವನು ಎಲ್ಲಾದ್ರೂ ಇರಬಹುದಲ್ವಾ? ಯಾವುದೋ ಹಡಗಿನವರು ಎತ್ತಿಕೊಂಡಿರಬಹುದು. ನಾರ್ವೆಯ ಯಾವುದೋ ಆಸ್ಪತ್ರೆಯಲ್ಲಿ, ಹೆಸರು ಮರೆತು... ಹುಚ್ಚು. ಹುಚ್ಚು ಅಂತ ನನಗೂ ಗೊತ್ತು. ಗೊತ್ತಿದ್ದೂ ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸಲ್ಲ.

ಎಲ್ಲಿಗೆ ಹೊರಟೆ? ಹೊರಗೆ ಯಾಕೆ... ಎಸ್ಕಿಲ್! ತಡಿ, ನಾನೂ ಬರ್ತೀನಿ. ಆ ಕಂಬದ ಹತ್ತಿರ ಹೋಗಬೇಡ, ಅದರ ಹಗ್ಗ...

ಹೂಂ. ಎಳೆದು ನೋಡು. ಗಟ್ಟಿಯಾಗೇ ಇದೆ. ಯಾವತ್ತೂ ಕಿತ್ತುಹೋಗಿರಲಿಲ್ಲ. ಹುಡುಕೋದು ನಿಲ್ಲಿಸಿದ ದಿನ ಈ ಬೀದಿಯಲ್ಲಿ ಎಲ್ಲರೂ ಸಾವಿನ ಗುರುತಿಗೆ ಮನೆಮುಂದಿನ ಬಾವುಟ ಅರ್ಧಕ್ಕೆ ಇಳಿಸಿದ್ರು. ಸಿಗ್ನೆ ಕೂಡ. ನನ್ನ ಕೈಯಲ್ಲಿ ಆಗಲಿಲ್ಲ. ಹಗ್ಗ ಕಿತ್ತುಹೋಗಿದೆ ಅಂದೆ. ಎಲ್ಲರೂ ನಂಬಿದ್ರು, ಟೀಚರ್ ಸುಳ್ಳು ಹೇಳ್ತಾಳಾ?

ಹಗ್ಗ ಹಿಡ್ಕೊಂಡು ನಿಂತುಬಿಟ್ಟೆ.

...ಹಜಾರದ ಕಪಾಟು. ಕೆಳಗಿನ ಖಾನೆ. ಹೋಗು, ಬಾವುಟ ತಗೊಂಡು ಬಾ. ಸುಕ್ಕಾಗಿರುತ್ತೆ, ಪರವಾಗಿಲ್ಲ. ನಿಮ್ಮ ಗಡಿ ಎಲ್ಲಿದೆಯೋ ಅಲ್ಲೇ ಇರಲಿ. ಹಡಗು ಬರಲಿ, ನೋಡಲಿ. ಸಿಗ್ನೆಗೆ ನೀನು ಹೇಳಬೇಡ. ನಾನೇ ಹೋಗಿ ಹೇಳ್ತೀನಿ. ಅವನನ್ನ ದಡಕ್ಕೆ ತಂದು ಮಣ್ಣು ಮಾಡಿದ ಮೇಲೆ, ಆಗ ಪದ್ಧತಿಯಂತೆ ಬಾವುಟ ಪೂರ್ತಿ ಏರಿಸೋಣ. ಅವಳೇ ಏರಿಸಲಿ.

ಏಯ್, ಹಾಗಲ್ಲ! ನೇರವಾಗಿ ಅರ್ಧಕ್ಕೇ ಕಟ್ಟಬಾರದು. ಇಷ್ಟೂ ಕಲಿಸಲಿಲ್ವಾ ನಾನು ನಿಮಗೆ? ಮೊದಲು ತುದಿವರೆಗೂ ಏರಿಸಬೇಕು, ಆಮೇಲೆ ಇಳಿಸಬೇಕು. ಎಳಿ... ಹೂಂ, ಪೂರ್ತಿ ತುದಿಗೆ. ನೋಡು, ಎಷ್ಟು ಗಾಳಿ.

ಸ್ವಲ್ಪ ಹೊತ್ತು ಹಾಗೇ ಇರಲಿ, ಎಸ್ಕಿಲ್. ಇನ್ನೊಂದು ಸ್ವಲ್ಪ...

ಈಗ ಇಳಿಸು.